ವಜ್ರಕಾಯದ ಬಂಡಿ

1940ನೆಯ ಇಸವಿಯ ಸೆಪ್ಟೆಂಬರ್ ತಿಂಗಳ 23ನೆಯ ದಿನ, ಅಮೆರಿಕದ ಮೇರಿಲ್ಯಾಂಡ್ ಪ್ರಾಂತದ ಹೋಲಬರ್ಡ್ ಎಂಬ ಸೇನಾಶಿಬಿರದ ಹೆಬ್ಬಾಗಿಲಿಗೆ, ಸಂಜೆ ಐದು ಗಂಟೆಗೆ ಮುಗಿಯಬೇಕಾಗಿದ್ದ ಗಡುವಿಗೆ ಇನ್ನು ಅರ್ಧ ಗಂಟೆ ಮಾತ್ರ ಉಳಿದಿರುವಾಗ, ಬಾಗಿಲುಗಳಿಲ್ಲದ, ಗಟ್ಟಿಯಾದ ಮಾಡಿಲ್ಲದ, ಅಂದಚೆಂದಗಳ ಗೊಡವೆಯೇ ಇಲ್ಲದ ಪುಟ್ಟದೊಂದು ಮೋಟಾರು ಬಂಡಿ ಧೂಳು ಮೆತ್ತಿಕೊಂಡು ಬಂದು ನಿಂತಿತು. ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಊರಿನಿಂದ ತನ್ನ ಚಕ್ರಗಳ ಮೇಲೆಯೇ ಅದು ಅಷ್ಟು ದೂರವೂ ಓಡಿಬಂದಿತ್ತು. ಸೇನೆಯವರು ಆ ವರ್ಷದ ಜುಲೈ ತಿಂಗಳಿನಲ್ಲಿ 135 ಕಾರಖಾನೆಗಳಿಗೆ ಓಲೆ ಕಳುಹಿಸಿ, 49 ದಿನಗಳೊಳಗೆ ಹೊಸ ಬಗೆಯ ಸಂಚಾರವಾಹನವೊಂದರ ಮಾದರಿಯನ್ನು ಕಟ್ಟಿಕೊಡಬಲ್ಲಿರಾ ಎಂದು ಕೇಳಿದಾಗ, ಉತ್ತರ ಕೊಟ್ಟವರು ಇಬ್ಬರೇ. ಅವರಲ್ಲಿ ಗಡುವನ್ನು ಒಪ್ಪಿಕೊಂಡುದು ದಿವಾಳಿಯ ಅಂಚಿನಲ್ಲಿದ್ದ ಅಮೆರಿಕನ್ ಬ್ಯಾಂಟಮ್ ಎಂಬ ಚಿಕ್ಕ ಸಂಸ್ಥೆ. ಅದು ಕರೆಸಿಕೊಂಡ ಕಾರ್ಲ್ ಪ್ರಾಬ್ಸ್ಟ್ ಎಂಬ ಎಂಜಿನಿಯರು ಕೆಲವೇ ದಿನಗಳಲ್ಲಿ ನಕ್ಷೆಯನ್ನು ಮುಗಿಸಿದನು. ಮುಂದೆ ಓಹಾಯೊ ಪ್ರಾಂತದ ಟೊಲೀಡೊ ನಗರದ ವಿಲ್ಲಿಸ್ ಕಾರಖಾನೆಯು ಅದೇ ಸ್ವರೂಪಕ್ಕೆ 60 ಅಶ್ವಶಕ್ತಿಯ ತನ್ನ ಎಂಜಿನನ್ನು ಜೋಡಿಸಿ, ಫೋರ್ಡ್ ಕಾರಖಾನೆಯೂ ಆ ಕಾರ್ಯದಲ್ಲಿ ಕೈಜೋಡಿಸಿ, ಎರಡನೆಯ ಮಹಾಯುದ್ಧ ಮುಗಿಯುವುದರೊಳಗಾಗಿ 6 ಲಕ್ಷಕ್ಕೂ ಮಿಕ್ಕಿ ಬಂಡಿಗಳು ಜಗತ್ತಿನ ರಣಭೂಮಿಗಳನ್ನೆಲ್ಲ ತುಂಬಿದುವು. ಜೀಪು ಹುಟ್ಟಿದ ಬಗೆ ಇದು.

ಬಂಡಿ ಎಷ್ಟು ತೂಗಬೇಕು, ಎಷ್ಟು ಉದ್ದವಿರಬೇಕು, ಶತ್ರುವಿನ ಕಣ್ಣಿಗೆ ಬೀಳದಂತೆ ಎಷ್ಟು ಕುಳ್ಳಾಗಿರಬೇಕು, ನಾಲ್ಕು ಚಕ್ರಗಳಿಗೂ ಎಂಜಿನಿನ ಬಲ ಹೇಗೆ ಸಲ್ಲಬೇಕು ಎಂಬುದನ್ನೆಲ್ಲ ಸೇನೆಯ ಬೇಡಿಕೆಪಟ್ಟಿಯು ಹೇಳಿತ್ತು. ಬಂಡಿಯು ಮತ್ತೊಂದಕ್ಕೆ ಡಿಕ್ಕಿ ಹೊಡೆದರೆ ಒಳಗೆ ಕುಳಿತವನ ಗತಿ ಏನು ಎಂಬ ಪ್ರಶ್ನೆ ಆ ಕಾಲದ ಮೋಟಾರುಗಳ ವಿಷಯದಲ್ಲಿ ಹೆಚ್ಚಾಗಿ ಏಳುತ್ತಿರಲಿಲ್ಲವಾದುದರಿಂದ ಇಲ್ಲಿಯೂ ಏಳಲಿಲ್ಲ. ಏಣಿಯಂತೆ ಎರಡು ಉದ್ದ ಉಕ್ಕಿನ ತೊಲೆಗಳು, ಅವುಗಳ ನಡುವೆ ಅಡ್ಡಪಟ್ಟಿಗಳು; ಆ ಏಣಿಯ ಕೆಳಗೆ ಕಮಾನುಪಟ್ಟಿಗಳು, ಗಟ್ಟಿ ಅಚ್ಚುಗಳು; ಮೇಲೆ ತಗಡಿನ ತೊಟ್ಟಿ. ಪೆಟ್ರೋಲಿನ ಟ್ಯಾಂಕು ಚಾಲಕನ ಪೀಠದ ಅಡಿಯಲ್ಲಿಯೇ ಇತ್ತು. ಬಾಗಿಲಿರಬೇಕಾದ ಎಡೆಯಲ್ಲಿ, ತಿರುವಿನಲ್ಲಿ ಸೈನಿಕನು ಹೊರಕ್ಕೆ ಜಾರದಿರಲೆಂದು, ಅಡ್ಡಲಾಗಿ ಒಂದು ಪಟ್ಟಿಯನ್ನು ಸಿಕ್ಕಿಸುತ್ತಿದ್ದರು. ಕುಳಿತವನ ರಕ್ಷಣೆಗೆಂದು ಆ ಬಂಡಿಯಲ್ಲಿದ್ದ ಸಾಧನವೆಲ್ಲ ಆ ಒಂದು ಪಟ್ಟಿಯೇ.

ಯುದ್ಧವು ಮುಗಿದ ಮೇಲೆ ಈ ಸಿಪಾಯಿಬಂಡಿಯು ಸಂಸಾರಿಯಾಯಿತು. 1945ರಲ್ಲಿ ವಿಲ್ಲಿಸ್ ಕಾರಖಾನೆ ಅದನ್ನು ರೈತರಿಗೆ ಮಾರತೊಡಗಿತು. ಇಂಗ್ಲೆಂಡಿನಲ್ಲಿ ರೋವರ್ ಕಾರಖಾನೆಯ ಮಾರಿಸ್ ವಿಲ್ಕ್ಸ್, ವೇಲ್ಸ್ ಪ್ರಾಂತದ ಆಂಗಲ್ಸೀ ದ್ವೀಪದ ಕಡಲತಡಿಯ ಮರಳಿನ ಮೇಲೆ ತನ್ನ ಕಲ್ಪನೆಯ ಬಂಡಿಯ ರೇಖೆಗಳನ್ನು ಗೀಚಿ ತೋರಿಸಿದುದೂ, 1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡಾಮಿನ ಪ್ರದರ್ಶನದಲ್ಲಿ ಲ್ಯಾಂಡ್ ರೋವರ್ ಎಂಬ ಹೆಸರಿನಿಂದ ಅದು ಲೋಕಕ್ಕೆ ಕಾಣಿಸಿಕೊಂಡುದೂ ಈ ವಂಶದ ಇನ್ನೊಂದು ಕವಲಿನ ಕಥೆ. ನಮ್ಮ ದೇಶಕ್ಕೆ ಜೀಪು ಮುಂಬಯಿಯ ದಾರಿಯಿಂದ ಬಂದಿತು. 1945ರಲ್ಲಿ ಉಕ್ಕಿನ ವ್ಯಾಪಾರಕ್ಕೆಂದು ಸ್ಥಾಪಿತವಾದ ಮಹೀಂದ್ರ ಸಂಸ್ಥೆಯು ಸ್ವಾತಂತ್ರ್ಯ ಬಂದ ವರ್ಷದಲ್ಲಿಯೇ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ತೊಡಗಿತು. ಮಲೆನಾಡಿನವರಾದ ನಮಗೆ ಜೀಪು ಎಂದರೆ ಒಂದು ವಾಹನದ ಹೆಸರಷ್ಟೇ ಅಲ್ಲ. ಮಳೆಗಾಲದಲ್ಲಿ ಬಸ್ಸು ನಿಂತುಹೋದ ಮೇಲೆ ಬಸುರಿಯನ್ನು ಪೇಟೆಯ ಆಸ್ಪತ್ರೆಗೆ ಸಾಗಿಸುವುದು ಜೀಪು. ಕಾಫಿಯ ಮೂಟೆಯನ್ನು ಹೊತ್ತು ಘಟ್ಟವೇರುವುದು ಜೀಪು. ಮದುವೆಯ ದಿಬ್ಬಣವನ್ನು ಕೆಸರಿನಿಂದ ಪಾರುಮಾಡುವುದೂ ಜೀಪೇ. ಮರಕ್ಕೆ ತಾಗಿದರೂ ಮುಂಭಾಗ ನುಗ್ಗಾಗದೆ, ದರೆಗೆ ಒರಸಿದರೂ ಬಣ್ಣವಷ್ಟೇ ಹೋಗಿ, ಮರುದಿನವೇ ಮತ್ತೆ ದುಡಿಮೆಗೆ ನಿಲ್ಲುವ ಆ ಬಂಡಿಯನ್ನು ಕಂಡು, ಇಷ್ಟು ಗಟ್ಟಿಯಾದುದರೊಳಗೆ ಕುಳಿತವನಿಗೆ ಭಯವೆಲ್ಲಿ ಎಂದು ನಮ್ಮ ಹಿರಿಯರು ನಂಬಿದ್ದರು. ನಾನೂ ಬಹುಕಾಲ ಹಾಗೆಯೇ ನಂಬಿದ್ದೆನು. ಈ ನಂಬಿಕೆಯು ಹೇಗೆ ಮುರಿಯಿತೆಂಬುದೇ ನಾನು ಹೇಳಹೊರಟ ಇತಿಹಾಸ.

ಅದರ ಬೀಜವು ಮೋಟಾರಿನ ಲೋಕದಲ್ಲಿ ಬಿದ್ದುದಲ್ಲ. 1917ರಲ್ಲಿ, ಮೊದಲನೆಯ ಮಹಾಯುದ್ಧದ ವೈಮಾನಿಕ ಶಿಕ್ಷಣದಲ್ಲಿದ್ದ ಹ್ಯೂ ಡಿಹೇವನ್ ಎಂಬ ತರುಣನ ವಿಮಾನವು ಆಕಾಶದಲ್ಲಿ ಮತ್ತೊಂದಕ್ಕೆ ತಗುಲಿ ನೆಲಕ್ಕೆ ಬಿದ್ದಿತು. ಬದುಕುಳಿದ ಅವನು, ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದಾಗ, ತನ್ನ ಹೊಟ್ಟೆಯ ಅಂಗಗಳನ್ನು ಒಡೆದುದು ಬೀಳುವಿಕೆಯಲ್ಲ, ತನ್ನ ನಡುಪಟ್ಟಿಯ ಮೊನಚಾದ ಕೊಂಡಿ ಎಂಬುದನ್ನು ಗುರುತಿಸಿದನು. ದಶಕಗಳ ಬಳಿಕ ತನ್ನ ಅಡುಗೆಮನೆಯಲ್ಲಿ ಕೋಳಿಯ ಮೊಟ್ಟೆಗಳನ್ನು ಮೆತ್ತನೆಯ ಹಾಸಿನ ಮೇಲೆ ಬೀಳಿಸಿ ಅವು ಒಡೆಯುವ, ಒಡೆಯದಿರುವ ಕಾರಣಗಳನ್ನು ಅವನು ಅರಸಿದನು. 1942ರಲ್ಲಿ, 50ರಿಂದ 150 ಅಡಿಗಳ ಎತ್ತರದಿಂದ ಬಿದ್ದೂ ಬದುಕಿದ ಮನುಷ್ಯರ ವೃತ್ತಾಂತಗಳನ್ನು ಪರೀಕ್ಷಿಸಿ ಒಂದು ಪ್ರಬಂಧವನ್ನು ಪ್ರಕಟಿಸಿದನು. ಕೊಲ್ಲುವುದು ವೇಗವಲ್ಲ, ವೇಗವು ಎಷ್ಟು ಸಣ್ಣ ಎಡೆಯಲ್ಲಿ ನಿಲ್ಲುತ್ತದೆ ಎಂಬುದು, ಎಂಬ ಸತ್ಯವನ್ನು ಆ ಪ್ರಬಂಧವು ಮುಂದಿಟ್ಟಿತು. ಅದೇ ಸತ್ಯವನ್ನು ಸ್ವಂತ ಶರೀರದ ಮೇಲೆ ಪರೀಕ್ಷಿಸಿಕೊಂಡವನು ಅಮೆರಿಕದ ವಾಯುಸೇನೆಯ ವೈದ್ಯ ಜಾನ್ ಪಾಲ್ ಸ್ಟ್ಯಾಪ್. 1954ರ ಡಿಸೆಂಬರ್ 10ರಂದು ನ್ಯೂ ಮೆಕ್ಸಿಕೊದ ಹಾಲೊಮನ್ ನೆಲೆಯಲ್ಲಿ ರಾಕೆಟ್ಟುಗಳಿಂದ ಓಡುವ ಜಾರುಬಂಡಿಯೊಂದಕ್ಕೆ ತನ್ನನ್ನು ಪಟ್ಟಿಗಳಿಂದ ಬಿಗಿಸಿಕೊಂಡು, ಗಂಟೆಗೆ 632 ಮೈಲಿಗಳ ವೇಗವನ್ನು ಮುಟ್ಟಿ, ಒಂದೂವರೆ ಸೆಕೆಂಡಿಗೂ ಕಡಿಮೆ ಕಾಲದಲ್ಲಿ ನಿಂತು, ತನ್ನ ತೂಕದ 46 ಪಾಲಿಗೂ ಮಿಕ್ಕ ಭಾರವನ್ನು ಕ್ಷಣಕಾಲ ಹೊತ್ತು, ಕಣ್ಣುಗಳಲ್ಲಿ ರಕ್ತ ತುಂಬಿಕೊಂಡು, ಆತನು ಜೀವಸಹಿತ ಹೊರಬಂದನು. ಸರಿಯಾಗಿ ಬಿಗಿದ ಪಟ್ಟಿಯೊಂದಿದ್ದರೆ ಮಾನವದೇಹವು ಎಷ್ಟನ್ನು ಸಹಿಸಬಲ್ಲುದು ಎಂಬುದು ಹೀಗೆ ತಿಳಿಯಿತು. ವಾಯುಸೇನೆಯು ವಿಮಾನಗಳಲ್ಲಿ ಕಳೆದುಕೊಳ್ಳುತ್ತಿದ್ದವರಿಗಿಂತ ಹೆಚ್ಚು ಮಂದಿಯನ್ನು ರಸ್ತೆಯ ಮೋಟಾರುಗಳಲ್ಲಿ ಕಳೆದುಕೊಳ್ಳುತ್ತಿದೆ ಎಂಬುದನ್ನು ಕಂಡು ಮನನೊಂದು, ತನ್ನ ಮುಂದಿನ ಆಯುಷ್ಯವನ್ನು ಆ ಕಾರ್ಯಕ್ಕೆ ಮೀಸಲಿಟ್ಟ ಆ ಪುಣ್ಯಾತ್ಮನನ್ನು ಇಂದು ನೆನೆಯುವವರು ಕಡಿಮೆ.

ಇಲ್ಲಿ ಸ್ವಲ್ಪ ಲೆಕ್ಕವನ್ನು ಹೇಳದೆ ವಿಧಿಯಿಲ್ಲ. ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವ ದೇಹವು ಅರ್ಧ ಮೀಟರ್ ಎಡೆಯಲ್ಲಿ ಒಂದೇ ಸಮನಾಗಿ ನಿಂತಿತೆಂದರೆ ಅದರ ಮೇಲೆ ತನ್ನ ತೂಕದ ಸುಮಾರು 32 ಪಾಲು ಬಲ ಬೀಳುತ್ತದೆ. ಕಾಲು ಮೀಟರಿನಲ್ಲಿ ನಿಂತರೆ 64 ಪಾಲು. ಬಂಡಿಯ ಮೂತಿಯು ಮಡಿಚಿಕೊಂಡು ಒಳಕ್ಕೆ ಕುಸಿದಷ್ಟೂ ನಿಲ್ಲುವುದಕ್ಕೆ ಎಡೆ ದೊರೆಯುತ್ತದೆ. ಮೂತಿಯು ಮಡಿಚಿಕೊಳ್ಳಲಾರದೆ ಹೋದರೆ ಆ ಎಡೆಯನ್ನು ಕುಳಿತವನ ಎದೆಯೂ ತೊಡೆಯ ಎಲುಬುಗಳೂ ಕೊಡಬೇಕಾಗುತ್ತದೆ. ಡೈಮ್ಲರ್-ಬೆನ್ಜ್ ಕಾರಖಾನೆಯಲ್ಲಿದ್ದ ಬೇಲಾ ಬಾರೆನ್ಯಿ ಎಂಬ ಎಂಜಿನಿಯರು ಇದನ್ನು ಅರಿತು, ಮುಂದೆ ಹಿಂದೆ ಮೆತುವಾಗಿ ನಡುವೆ ಮಾತ್ರ ಕಠಿನವಾದ ಕೋಣೆಯುಳ್ಳ ಕಾರನ್ನು ಕಲ್ಪಿಸಿ 1951ರಲ್ಲಿ ಪೇಟೆಂಟಿಗೆ ಅರ್ಜಿ ಕೊಟ್ಟನು; 1959ರಲ್ಲಿ ಅಂಥ ಕಾರು ರಸ್ತೆಗೆ ಬಂದಿತು. ಅದೇ ವರ್ಷ ಸ್ವೀಡನ್ನಿನ ವೋಲ್ವೋ ಕಾರಖಾನೆಯಲ್ಲಿ ನೀಲ್ಸ್ ಬೂಲಿನ್ ರೂಪಿಸಿದ, ಹೆಗಲಿಗೂ ಸೊಂಟಕ್ಕೂ ಒಟ್ಟಿಗೆ ಬಿಗಿಯುವ ಪಟ್ಟಿಯು ಕಾರುಗಳಿಗೆ ಬಂದಿತು. ಆದರೆ ಈ ಜ್ಞಾನವೆಲ್ಲ ಊರಿನ ಕಾರಿಗೆ ಸಂದಿತೇ ಹೊರತು ಕಾಡಿನ ಬಂಡಿಗೆ ಸಲ್ಲಲಿಲ್ಲ. ಬಂಡೆಗೆ ತಾಗಿದರೂ ಬಾಗದಿರುವ ಏಣಿತೊಲೆಯೇ ಅದರ ಹಿರಿಮೆಯಾಗಿದ್ದುದರಿಂದ, ಬಾಗಬೇಕೆಂದು ಹೇಳುವ ಹೊಸ ಶಾಸ್ತ್ರವು ಅದರ ಕುಲಧರ್ಮಕ್ಕೇ ವಿರೋಧವಾಗಿ ತೋರಿರಬೇಕು.

ಕಾನೂನು ಸಹ ಅದನ್ನು ಹೊರಗಿಟ್ಟಿತು. ರಾಲ್ಫ್ ನೇಡರ್ ಎಂಬಾತನು ಮೋಟಾರುಗಳ ಅಪಾಯವನ್ನು ಕುರಿತು 1965ರಲ್ಲಿ ಬರೆದ ಗ್ರಂಥದಿಂದ ಅಮೆರಿಕದ ಜನ ಎಚ್ಚೆತ್ತು, 1966ರ ಸೆಪ್ಟೆಂಬರ್ 9ರಂದು ಅಧ್ಯಕ್ಷ ಜಾನ್ಸನ್ ವಾಹನಸುರಕ್ಷೆಯ ಶಾಸನಕ್ಕೆ ಅಂಕಿತ ಹಾಕಿದ ಬಳಿಕ ನಿಯಮಗಳು ಒಂದೊಂದಾಗಿ ಹುಟ್ಟಿದುವು. ಆದರೆ ಟ್ರಕ್ಕಿನ ತೊಲೆಗಳ ಮೇಲೆ ಕಟ್ಟಿದ, ಇಲ್ಲವೆ ರಸ್ತೆ ಬಿಟ್ಟು ಓಡಲು ವಿಶೇಷ ಅಂಗಗಳುಳ್ಳ ಬಂಡಿಗಳನ್ನು ಬಹೂಪಯೋಗಿ ವಾಹನಗಳೆಂದು ಬೇರೆ ವರ್ಗವಾಗಿ ವಿಂಗಡಿಸಿ, ಅನೇಕ ನಿಯಮಗಳಿಂದ ಅವುಗಳಿಗೆ ವಿನಾಯಿತಿ ಕೊಟ್ಟರು. ಮಗುಚಿದಾಗ ಮಾಡು ಎಷ್ಟು ಭಾರವನ್ನು ತಡೆಯಬೇಕೆಂಬ ನಿಯಮ ಕಾರುಗಳಿಗೆ 1973ರಲ್ಲಿ ಅನ್ವಯವಾಯಿತು. ಈ ಬಂಡಿಗಳಿಗೆ ಅದೇ ನಿಯಮವು ಅನ್ವಯವಾದುದು 1990ರ ದಶಕದಲ್ಲಿ. ಸುಮಾರು ಇಪ್ಪತ್ತು ವರ್ಷ! ರೈತನೂ ಸೈನಿಕನೂ ಮಾತ್ರವೇ ಓಡಿಸುತ್ತಿದ್ದ ಕಾಲದಲ್ಲಿ ಅಂಥ ವಿಂಗಡಣೆಗೆ ಏನೋ ಒಂದು ಅರ್ಥವಿತ್ತೆನ್ನೋಣ. ಆದರೆ ಆ ಇಪ್ಪತ್ತು ವರ್ಷಗಳಲ್ಲಿಯೇ ಜೀಪು ಹೊಲವನ್ನು ಬಿಟ್ಟು ಕಾಲೇಜು ಹುಡುಗರ ಕೈಗೆ, ಮಕ್ಕಳನ್ನು ಶಾಲೆಗೆ ಬಿಡುವ ತಾಯಂದಿರ ಕೈಗೆ ಬಂದಿತ್ತು. ವಾಹನವು ಅದೇ, ಕುಳಿತವರು ಬೇರೆ. ಕಾನೂನು ವಾಹನವನ್ನು ನೋಡಿತು, ಕುಳಿತವರನ್ನು ನೋಡಲಿಲ್ಲ.

ಮೊದಲು ಬೆಳಕಿಗೆ ಬಂದ ದೋಷವು ಡಿಕ್ಕಿಯದಲ್ಲ, ಉರುಳುವಿಕೆಯದು. ಸುಗ್ಗಿಯ ಕಾಲದಲ್ಲಿ ಆಳೆತ್ತರಕ್ಕೂ ಮೀರಿ ಹುಲ್ಲನ್ನು ಹೇರಿಕೊಂಡ ಎತ್ತಿನ ಗಾಡಿಯು ಕೆರೆಯ ಏರಿಯ ತಿರುವಿಗೆ ಬಂದಾಗ, ಗಾಡಿಯವನು ಕೆಳಗಿಳಿದು, ಮೇಲ್ಮಗ್ಗುಲಿನ ಹಗ್ಗಕ್ಕೆ ಜೋತುಬಿದ್ದು, ಎತ್ತುಗಳನ್ನು ಹೆಜ್ಜೆಹೆಜ್ಜೆಯಾಗಿ ನಡೆಸುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ಭಾರದ ಕೇಂದ್ರವು ಮೇಲೇರಿದಷ್ಟೂ, ಎಡಬಲದ ಚಕ್ರಗಳ ಅಂತರವು ಕಿರಿದಾದಷ್ಟೂ, ಗಾಡಿಯು ಮಗುಚಲು ಹವಣಿಸುತ್ತದೆ. ಎಂಜಿನಿಯರುಗಳು ಇದನ್ನೇ ಒಂದು ಸಂಖ್ಯೆಯನ್ನಾಗಿ ಮಾಡಿರುತ್ತಾರೆ: ಚಕ್ರಗಳ ಅಂತರದ ಅರ್ಧವನ್ನು ಗುರುತ್ವಕೇಂದ್ರದ ಎತ್ತರದಿಂದ ಭಾಗಿಸಿದರೆ ಬರುವುದೇ ಸ್ಥಿರತೆಯ ಅಂಕ. ಸಾಮಾನ್ಯ ಕಾರುಗಳಲ್ಲಿ ಇದು 1.30ರಿಂದ 1.50ರವರೆಗೆ ಇರುತ್ತದೆ, ಎತ್ತರದ ಬಂಡಿಗಳಲ್ಲಿ 1.00ರಿಂದ 1.30ರವರೆಗೆ. ಹಳ್ಳದ ಕಲ್ಲುಗಳ ಮೇಲೆ ಹೊಟ್ಟೆ ತಾಗದಂತೆ ಬಂಡಿಯನ್ನು ಎತ್ತರಿಸಿದ ಗುಣವೇ, ಇಕ್ಕಟ್ಟಾದ ಕಾಡುದಾರಿಯಲ್ಲಿ ನುಸುಳಲೆಂದು ಅಗಲವನ್ನು ಕಿರಿದುಗೊಳಿಸಿದ ಗುಣವೇ, ಡಾಂಬರು ರಸ್ತೆಯ ವೇಗದಲ್ಲಿ ದೋಷವಾಗಿ ಪರಿಣಮಿಸಿತು.

1980ರಲ್ಲಿ ಮಿಷಿಗನ್ ವಿಶ್ವವಿದ್ಯಾನಿಲಯದ ಸಂಶೋಧಕರು ಅಪಘಾತಗಳ ದಾಖಲೆಗಳನ್ನು ಪರಿಶೀಲಿಸಿ, ಈ ಬಗೆಯ ಬಂಡಿಗಳು ಕಾರುಗಳಿಗಿಂತ ಬಹಳ ಹೆಚ್ಚಾಗಿ ಉರುಳುತ್ತವೆಂದು ತೋರಿಸಿದರು. ಆ ವರ್ಷದ ಡಿಸೆಂಬರಿನಲ್ಲಿ, ವಿಮಾಸಂಸ್ಥೆಗಳು ನಡೆಸುವ ಹೆದ್ದಾರಿ ಸುರಕ್ಷಾಸಂಸ್ಥೆಯು ಮಾಡಿಸಿದ ಪರೀಕ್ಷೆಗಳ ಚಿತ್ರಗಳು ಸಿ.ಬಿ.ಎಸ್. ದೂರದರ್ಶನದ '60 ಮಿನಿಟ್ಸ್' ಕಾರ್ಯಕ್ರಮದಲ್ಲಿ ಪ್ರಸಾರವಾಗಿ, ಸಿಜೆ-5 ಎಂಬ ಜೀಪು ತಟ್ಟನೆಯ ತಿರುವಿನಲ್ಲಿ ಮಗುಚಿಕೊಳ್ಳುವುದನ್ನು ಕೋಟ್ಯಂತರ ಜನ ತಮ್ಮ ಮನೆಯಲ್ಲಿಯೇ ಕುಳಿತು ನೋಡಿದರು. ಅಷ್ಟು ಹೊತ್ತಿಗೆ ಆ ಜೀಪಿನ ಒಡೆತನ ಅಮೆರಿಕನ್ ಮೋಟಾರ್ಸ್ ಸಂಸ್ಥೆಗೆ ಸಂದಿತ್ತು. ಪರೀಕ್ಷೆಗಳು ಸಹಜವಾದ ಚಾಲನೆಯನ್ನು ಹೋಲುವುದಿಲ್ಲ, ಉರುಳಿಸಲೆಂದೇ ಮತ್ತೆ ಮತ್ತೆ ಓಡಿಸಿದ್ದಾರೆ ಎಂದು ಆಕ್ಷೇಪಗಳೆದ್ದುವು. ಆಕ್ಷೇಪದಲ್ಲಿ ತಿರುಳಿಲ್ಲವೆಂದು ನಾನು ಹೇಳಲಾರೆ. ಪರೀಕ್ಷೆಯ ವಿಧಾನ ಎಲ್ಲರೂ ಒಪ್ಪುವಂತಿರದಿದ್ದರೆ ಅದರ ಫಲವು ಎಷ್ಟು ನಿಜವಾದರೂ ವಾದಕ್ಕೆ ಈಡಾಗುತ್ತದೆ. ಆದರೆ ಮಿಷಿಗನ್ನಿನ ದಾಖಲೆಗಳು ಪರೀಕ್ಷಾಂಗಣದಲ್ಲಿ ಹುಟ್ಟಿದುವಲ್ಲ, ರಸ್ತೆಯಲ್ಲಿ ಹುಟ್ಟಿದುವು. ಸಿಜೆ-5ರ ತಯಾರಿಕೆ 1983ರಲ್ಲಿ ನಿಂತಿತು. ಅದರ ವಂಶದಲ್ಲಿ ಮುಂದೆ ಬಂದ ರ‍್ಯಾಂಗ್ಲರ್ ಎಂಬ ಜೀಪಿನಲ್ಲಿ ಚಕ್ರಗಳ ಅಂತರವನ್ನು ಹೆಚ್ಚಿಸಿ, ಮೈಯನ್ನು ತಗ್ಗಿಸಿದ್ದರು.

ಇದೇ ವಾದ 1988ರಲ್ಲಿ ಜಪಾನಿನ ಒಂದು ಬಂಡಿಯ ವಿಷಯದಲ್ಲಿ ಮರುಕಳಿಸಿತು. ಅಮೆರಿಕದ ಗ್ರಾಹಕಸಂಘವು ಸುಜುಕಿ ಸಮುರಾಯ್ ಎಂಬ ಹಗುರವಾದ ಬಂಡಿಯನ್ನು, ದಾರಿಗೆ ಅಡ್ಡ ಬಂದುದನ್ನು ತಪ್ಪಿಸುವ ತಿರುವಿನಲ್ಲಿ ಪರೀಕ್ಷಿಸಿ, ಸ್ವೀಕಾರಯೋಗ್ಯವಲ್ಲವೆಂದು ಘೋಷಿಸಿತು. ತಯಾರಕರು 1996ರಲ್ಲಿ ಮೊಕದ್ದಮೆ ಹೂಡಿದರು. 2004ರಲ್ಲಿ ಅದು ರಾಜಿಯಲ್ಲಿ ಮುಗಿಯಿತು. ನಮ್ಮ ಓದುಗರಿಗೆ ಈ ಬಂಡಿ ಅಪರಿಚಿತವಲ್ಲ. ಅದರ ಒಡಹುಟ್ಟೇ ನಮ್ಮಲ್ಲಿ 1985ರ ಕೊನೆಯಲ್ಲಿ ಮಾರುತಿ ಜಿಪ್ಸಿ ಎಂಬ ಹೆಸರಿನಿಂದ ಬಂದು, ಸೇನೆ, ಪೋಲೀಸು, ಅರಣ್ಯ ಇಲಾಖೆಗಳ ನೆಚ್ಚಿನ ವಾಹನವಾಯಿತು. 1993ರಲ್ಲಿ ಜಿಪ್ಸಿಯ ಚಕ್ರಗಳ ಅಂತರವನ್ನು 90 ಮಿಲಿಮೀಟರಿನಷ್ಟು ಅಗಲಿಸಿದರು. ಬಂಡೀಪುರದ ಕಾಡಿನಲ್ಲಿ ಹುಲಿಯನ್ನು ಅರಸುತ್ತ ಹೋಗುವ ಪ್ರವಾಸಿಗನ ಗಮನಕ್ಕೆ ಬಾರದ ಆ ನಾಲ್ಕು ಬೆರಳಿನ ಅಗಲದಲ್ಲಿ ಎಷ್ಟು ಜೀವಗಳ ಭಾರವಿದೆ ಎಂಬುದನ್ನು ನೆನೆದಾಗ ನನಗೆ ಮೈ ನವಿರೇಳುತ್ತದೆ.

ಅಮೆರಿಕದ ಜನಪ್ರತಿನಿಧಿ ಟಿಮೊತಿ ವರ್ತ್ 1986ರಲ್ಲಿ, ಸ್ಥಿರತೆಯ ಅಂಕ 1.2ಕ್ಕಿಂತ ಕಡಿಮೆ ಇರುವ ಬಂಡಿಗಳನ್ನು ತಡೆಯುವ ನಿಯಮ ಮಾಡಿರೆಂದು ಸರ್ಕಾರದ ಸುರಕ್ಷಾ ಇಲಾಖೆಗೆ ಮನವಿ ಸಲ್ಲಿಸಿದನು. ಇಲಾಖೆಯು 1987ರಲ್ಲಿ ಅದನ್ನು ನಿರಾಕರಿಸಿತು. ಒಂದೇ ಅಂಕವು ಉರುಳುವಿಕೆಯ ಎಲ್ಲ ಕಾರಣಗಳನ್ನೂ ಹಿಡಿಯಲಾರದೆಂಬ ಮಾತು ಶಾಸ್ತ್ರದ ದೃಷ್ಟಿಯಿಂದ ಸರಿಯೇ ಇರಬಹುದು. ಆದರೂ ಆ ನಿರಾಕರಣೆಯನ್ನು ನಾನು ವ್ಯಥೆಯಿಲ್ಲದೆ ಓದಲಾರೆ. ಅದೇ ಅಂಕದಿಂದ ಪ್ರತಿಯೊಂದು ವಾಹನಕ್ಕೂ ನಕ್ಷತ್ರಗಳನ್ನು ಕೊಟ್ಟು ಕೊಳ್ಳುವವರಿಗೆ ತಿಳಿಸುವ ಪದ್ಧತಿಯನ್ನು ಅದೇ ಇಲಾಖೆಯು 2001ರಲ್ಲಿ ಆರಂಭಿಸಿತು. ನಡುವೆ, 2000ದ ಆಗಸ್ಟಿನಲ್ಲಿ, ಫೋರ್ಡ್ ಎಕ್ಸ್‌ಪ್ಲೋರರ್ ಬಂಡಿಗಳಲ್ಲಿದ್ದ ಫೈರ್‌ಸ್ಟೋನ್ ಟೈರುಗಳ ಹೊರಪದರ ಕಳಚಿ, ಬಂಡಿಗಳು ಉರುಳಿ, ಜನ ಮಡಿದು, 65 ಲಕ್ಷ ಟೈರುಗಳನ್ನು ಹಿಂದಕ್ಕೆ ಕರೆಯಬೇಕಾಗಿ ಬಂದ ದುರಂತವು ಆಗಿಹೋಗಿತ್ತು.

ಕೊನೆಗೆ ಉರುಳುವಿಕೆಯನ್ನು ಹತೋಟಿಗೆ ತಂದುದು ವಿದ್ಯುನ್ಮಾನ ಸಾಧನ. ಬಂಡಿಯು ಚಾಲಕನು ತಿರುಗಿಸಿದ ದಿಕ್ಕನ್ನು ಬಿಟ್ಟು ಅಡ್ಡಡ್ಡ ಜಾರುತ್ತಿದೆ ಎಂಬುದನ್ನು ತಾನೇ ಕಂಡುಕೊಂಡು, ಒಂದೊಂದು ಚಕ್ರಕ್ಕೆ ಬೇರೆ ಬೇರೆಯಾಗಿ ಬ್ರೇಕು ಹಾಕಿ, ಅದನ್ನು ದಾರಿಗೆ ತರುವ ಉಪಾಯವನ್ನು 1995ರಲ್ಲಿ ಮರ್ಸಿಡಿಸ್ ಕಾರಿನಲ್ಲಿ ಮೊದಲು ಅಳವಡಿಸಿದರು. ಅಮೆರಿಕವು 2012ರ ಮಾದರಿಗಳಿಂದ ಅದನ್ನು ಕಡ್ಡಾಯಗೊಳಿಸಿತು. ಒಮ್ಮೆ ಜೀಪಿನ ಉರುಳುವಿಕೆಯನ್ನು ಲೋಕಕ್ಕೆ ತೋರಿಸಿದ ಅದೇ ಹೆದ್ದಾರಿ ಸುರಕ್ಷಾಸಂಸ್ಥೆಯು, ಎತ್ತರದ ಬಂಡಿಗಳ ಚಾಲಕರೇ ಈಗ ಅಪಘಾತದಲ್ಲಿ ಸಾಯುವ ಸಂಭವ ಅತಿ ಕಡಿಮೆ ಇರುವವರಲ್ಲಿ ಸೇರಿದ್ದಾರೆಂದು 2011ರಲ್ಲಿ ಪ್ರಕಟಿಸಿತು.

ಉಳಿದುದು ಡಿಕ್ಕಿಯ ಮಾತು. ಇಂದಿನ ಒಂದು ಪರೀಕ್ಷೆಯ ವಿಧಾನ ಇಂತಿದೆ: ಜೇನುಹುಟ್ಟಿನ ಕಣ್ಣುಗಳಂತೆ ಹೆಣೆದ ಅಲ್ಯುಮಿನಿಯಮ್ಮಿನ ಅಡ್ಡಗೋಡೆಗೆ, ಮೈತುಂಬ ಮಾಪಕಗಳನ್ನು ಹೊತ್ತ, ಡಮ್ಮಿಗಳೆನ್ನುವ ಮಾನವಾಕೃತಿಯ ಬೊಂಬೆಗಳನ್ನು ಕೂಡಿಸಿದ ಬಂಡಿಯನ್ನು, ಅದರ ಅಗಲದ ನೂರರಲ್ಲಿ 40 ಪಾಲು ಮಾತ್ರ ತಾಗುವಂತೆ, ಗಂಟೆಗೆ 64 ಕಿಲೋಮೀಟರ್ ವೇಗದಲ್ಲಿ ಅಪ್ಪಳಿಸುತ್ತಾರೆ. 2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಸಂಸ್ಥೆಯು ಭಾರತದ ಐದು ಸಣ್ಣ ಕಾರುಗಳನ್ನು ಹೀಗೆ ಪರೀಕ್ಷಿಸಿದಾಗ ಐದಕ್ಕೂ ಸೊನ್ನೆ ನಕ್ಷತ್ರ ಬಂದು ದೇಶವು ದಿಗ್ಭ್ರಮೆಗೊಂಡಿತು. ಸಣ್ಣ ಕಾರಲ್ಲವೇ, ತಗಡು ತೆಳು, ಎಂದು ಸಮಾಧಾನ ಹೇಳಿಕೊಂಡವರಿದ್ದರು. ಆದರೆ 2016ರ ಮೇ ತಿಂಗಳಿನಲ್ಲಿ, ಏಣಿತೊಲೆಗಳ ಮೇಲೆ ಕಟ್ಟಿದ, ಘನಗಾತ್ರದ, ಏರ್‌ಬ್ಯಾಗುಗಳಿಲ್ಲದ ಮಹೀಂದ್ರ ಸ್ಕಾರ್ಪಿಯೊ ಮಾದರಿಗೂ ದೊಡ್ಡವರ ರಕ್ಷಣೆಯಲ್ಲಿ ಸೊನ್ನೆಯೇ ದೊರೆಯಿತು. ಗಟ್ಟಿತನವೇ ರಕ್ಷೆಯೆಂಬ ನಮ್ಮ ಹಿರಿಯರ ನಂಬಿಕೆ ನನ್ನ ಪಾಲಿಗೆ ಮುರಿದುಬಿದ್ದುದು ಆ ದಿನ.

ಅಲ್ಲಿಂದ ಮುಂದಿನ ಏಳೆಂಟು ವರ್ಷಗಳ ಬದಲಾವಣೆಯು ಹಿಂದಿನ ಅರವತ್ತು ವರ್ಷಗಳಲ್ಲಿ ಆಗದಿದ್ದುದು. ಮುಂಬದಿ ಮತ್ತು ಪಕ್ಕದ ಡಿಕ್ಕಿಯ ಪರೀಕ್ಷೆಗಳನ್ನು ಸರ್ಕಾರವು 2017ರ ಅಕ್ಟೋಬರಿನಿಂದ ಹೊಸ ಮಾದರಿಗಳಿಗೆ ಕಡ್ಡಾಯ ಮಾಡಿತು. 2020ರಲ್ಲಿ, ವಿಲ್ಲಿಸ್ ಜೀಪಿನ ನೇರ ಸಂತತಿಯೆನ್ನಬಹುದಾದ ಮಹೀಂದ್ರ ಥಾರ್, ಅದೇ ಗೋಡೆಗೆ ಅದೇ ವೇಗದಲ್ಲಿ ಅಪ್ಪಳಿಸಿ, 17ರಲ್ಲಿ 12.52 ಅಂಕಗಳನ್ನು ಪಡೆದು, ದೊಡ್ಡವರಿಗೂ ಮಕ್ಕಳಿಗೂ ನಾಲ್ಕು ನಾಲ್ಕು ನಕ್ಷತ್ರಗಳನ್ನು ಗಳಿಸಿತು. 2023ರ ಅಕ್ಟೋಬರಿನಲ್ಲಿ ನಮ್ಮದೇ ಆದ ಭಾರತ್ ಎನ್‌ಕ್ಯಾಪ್ ಆರಂಭವಾದ ಮೇಲೆ, 2024ರಲ್ಲಿ, ಥಾರಿನ ಐದು ಬಾಗಿಲಿನ ತಮ್ಮನಾದ ಥಾರ್ ರಾಕ್ಸ್ 32ರಲ್ಲಿ 31.09 ಅಂಕಗಳನ್ನು ಪಡೆದು ಐದು ನಕ್ಷತ್ರಗಳನ್ನು ಮುಡಿಗೇರಿಸಿಕೊಂಡಿತು. ಏಣಿತೊಲೆಯು ಹೋಗಿಲ್ಲ; ಅದರ ಮೂತಿಯು ಮಡಿಚಿಕೊಳ್ಳಲು ಕಲಿತಿದೆ.

ತವರಿನ ಕವಲಿನ ಕಥೆಯು ಬೇರೆಯಾಗಿತ್ತು. 2018ರ ಡಿಸೆಂಬರಿನಲ್ಲಿ ಯೂರೋ ಎನ್‌ಕ್ಯಾಪ್ ಹೊಸ ರ‍್ಯಾಂಗ್ಲರ್ ಜೀಪಿಗೆ ಒಂದೇ ನಕ್ಷತ್ರವನ್ನು ಕೊಟ್ಟಿತು. 2020ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷಾಸಂಸ್ಥೆಯು, ಬಂಡಿಯ ಮುಂಭಾಗದ ಕಾಲುಪಾಲು ಮಾತ್ರ ತಾಗುವ ಪರೀಕ್ಷೆಗೆ ಅದನ್ನು ಒಳಪಡಿಸಿದಾಗ, ಚಾಲಕನ ಸುತ್ತಣ ಎಡೆಯು ಚೆನ್ನಾಗಿಯೇ ಉಳಿದರೂ, ಅಡ್ಡಗೋಡೆಗೆ ತಾಗಿದೊಡನೆ ಬಂಡಿಯು ತನ್ನ ಬಲಮಗ್ಗುಲಿಗೆ ಉರುಳಿತು. ಬಾಗಿಲನ್ನೂ ಮಾಡನ್ನೂ ಕಳಚಿಡಬಹುದಾದ ಬಂಡಿಯು ಹಾಗೆ ಉರುಳುವುದು ಎಷ್ಟು ಭಯಂಕರವೆಂಬುದನ್ನು ಸಂಸ್ಥೆಯೇ ಎತ್ತಿ ಹೇಳಿತು. ತಯಾರಕರು ಬದಲಾವಣೆ ಮಾಡಿ ಒಪ್ಪಿಸಿದ ಬಂಡಿಯನ್ನು 2022ರಲ್ಲಿ ಮತ್ತೆ ಪರೀಕ್ಷಿಸಿದರು. ಅದು ಮತ್ತೆ ಉರುಳಿತು.

ಥಾರಿನ 2020ರ ಪರೀಕ್ಷೆಗೆ ಒಳಗಾದುದು ಹಿಂದಿನ ಪೀಠವೂ ಮುಂದಕ್ಕೆ ಮುಖಮಾಡಿದ್ದ ಮಾದರಿ. ಆ ಬಂಡಿ ಬಂದ ಹೊಸದರಲ್ಲಿ, ಹಳೆಯ ಜೀಪಿನಂತೆ ಹಿಂದೆ ಎದುರುಬದುರಾಗಿ ಅಡ್ಡ ಪೀಠಗಳುಳ್ಳ ಇನ್ನೊಂದು ಮಾದರಿಯೂ ಇತ್ತು. ಪಕ್ಕಕ್ಕೆ ತಿರುಗಿ ಕುಳಿತವನಿಗೆ ಹೆಗಲಿನ ಪಟ್ಟಿಯೂ ಇಲ್ಲ, ಮುಂದಿನ ಏರ್‌ಬ್ಯಾಗೂ ಇಲ್ಲವಾದುದರಿಂದ, ಬೊಂಬೆಗಳಿಂದ ಕಲಿತ ಪಾಠವಾವುದೂ ಅವನನ್ನು ತಲುಪುವುದಿಲ್ಲ. ಕಳೆದ ಮಳೆಗಾಲ ಮುಗಿದ ಮೇಲೆ ನಾನು ಕೊಡಚಾದ್ರಿಗೆ ಹೋಗಿದ್ದಾಗ ಹತ್ತಿದ ಬಾಡಿಗೆಯ ಹಳೆಯ ಜೀಪಿನಲ್ಲಿ ಅಂಥವೇ ಎರಡು ಅಡ್ಡ ಪೀಠಗಳಿದ್ದುವು. ಎಂಟು ಮಂದಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕುಳಿತಿದ್ದೆವು. ಒಬ್ಬ ತಾಯಿಯ ಮಡಿಲಿನಲ್ಲಿ ಮಗುವೊಂದು ನಿದ್ರಿಸುತ್ತಿತ್ತು. ಕಲ್ಲುಗುಂಡಿಗಳ ದಾರಿಯು ಕಡಿದಾಗುವ ಮೊದಲು ಚಾಲಕನು ಬಂಡಿಯನ್ನು ನಿಲ್ಲಿಸಿ, ಇಳಿದು ಹಿಂದಕ್ಕೆ ಬಂದು, "ಅಮ್ಮಾ, ಮಗೂನ ಗಟ್ಟಿ ಹಿಡ್ಕಳಿ" ಎಂದು ಹೇಳಿ, ಬಾಗಿಲಿಲ್ಲದ ಆ ಎಡೆಗೆ ಅಡ್ಡಲಾಗಿ ಒಂದು ಸರಪಣಿಯನ್ನು ಸಿಕ್ಕಿಸಿ ಹೋದನು.